ಎಲ್‌ಎಂ3886 ಆಂಪ್‌ಗೆ 4 ಓಮ್ ಸ್ಪೀಕರ್ ಹಾಕಿದರೆ ಬೇಸ್ ಬಂದಾಗೆಲ್ಲ ‘ಟರ್ರ್’ ಅನ್ನುತ್ತೆ. ತಪ್ಪು ಸ್ಪೀಕರಿಂದೋ, ಟ್ರಾನ್ಸ್‌ಫಾರ್ಮರಿಂದೋ?

ತಾಮ್ರತಂತಿ

ಎಲ್ಲರಿಗೂ ನಮಸ್ಕಾರ. ಆಂಪ್‌ನ (ಆಂಪ್ಲಿಫೈಯರಿನ) ವಿವರ ಮೊದಲು ಕೊಟ್ಟುಬಿಡ್ತೀನಿ.

ಚಿಪ್: ಎಲ್‌ಎಂ3886ಟಿಎಫ್ (ಪೂರ್ತಿ ಪ್ಲಾಸ್ಟಿಕ್ ಮೈಯದು), ಚಾನೆಲ್‌ಗೆ ಒಂದು. ಟ್ರಾನ್ಸ್‌ಫಾರ್ಮರ್: 24-0-24 (ನಡುವಿನ ತಂತಿಯಿಂದ ಎರಡೂ ಕಡೆಗೆ 24 ವೋಲ್ಟ್), 5 ಆಂಪಿಯರ್. ಒಂದು ಬ್ರಿಡ್ಜ್ (ಎಸಿಯನ್ನ ಡಿಸಿ ಮಾಡುವ ಡಯೋಡ್ ಗುಂಪು), ಪ್ಲಸ್‌ಗೆ 10,000 ಮೈಕ್ರೊಫ್ಯಾರಡ್ ಕೆಪಾಸಿಟರ್, ಮೈನಸ್‌ಗೆ ಇನ್ನೊಂದು 10,000. ಹಾಡು ಹಾಕದೆ ಅಳೆದರೆ ಪ್ಲಸ್-ಮೈನಸ್ 36 ವೋಲ್ಟ್, ಜೋರಾಗಿ ನುಡಿಸುವಾಗ 33ರ ಹತ್ತಿರ ಬರುತ್ತೆ. ಎರಡು ಚಿಪ್ಪೂ ಒಂದೇ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಮೇಲಿವೆ.

ಸ್ಪೀಕರ್ ಎರಡು ಜೊತೆ ಇವೆ. ಒಂದು ಶೆಲ್ಫ್ ಮೇಲಿಡುವ ಚಿಕ್ಕವು: 8 ಓಮ್, 86 ಡೆಸಿಬಲ್. ಇನ್ನೊಂದು ನೆಲದ ಮೇಲೆ ನಿಲ್ಲಿಸುವ ಹಳೇ ಜೊತೆ: 4 ಓಮ್, 89 ಡೆಸಿಬಲ್. ಎರಡರ ಲೇಬಲ್ಲಲ್ಲೂ ಡೆಸಿಬಲ್ ಪಕ್ಕದಲ್ಲಿ 2.83 ವೋಲ್ಟ್, 1 ಮೀಟರ್ ಅಂತ ಇದೆ. ರೂಮು 12 ಅಡಿಗೆ 14 ಅಡಿ.

8 ಓಮ್ ಜೊತೆಯಲ್ಲಿ ಯಾವ ತಕರಾರೂ ಇಲ್ಲ. 4 ಓಮ್ ಜೊತೆ ಹಾಕಿ ಅರ್ಧಕ್ಕಿಂತ ಜೋರು ಮಾಡಿದರೆ, ಹತ್ತು-ಹದಿನೈದು ನಿಮಿಷ ಆದಮೇಲೆ ಪ್ರತಿ ಡ್ರಮ್ ಏಟಿಗೂ ಬಟ್ಟೆ ಹರಿದ ಹಾಗೆ ‘ಟರ್ರ್’ ಅನ್ನುತ್ತೆ. ವಾಲ್ಯೂಮ್ ಇಳಿಸಿದರೆ ಸರಿಹೋಗುತ್ತೆ. ಪ್ರಶ್ನೆ ಎರಡು. ಈ ಆಂಪ್‌ಗೆ 4 ಓಮ್ ಸ್ಪೀಕರ್ ಹೊಂದುತ್ತಾ ಇಲ್ವಾ? ಎರಡೂ ಜೊತೆ ಒಟ್ಟಿಗೆ ಸೇರಿಸಿ ನುಡಿಸಬಹುದಾ?

ನಾದಲೋಲ

4 ಓಮ್‌ಗೆ ಯಾವ ತೊಂದರೆಯೂ ಇಲ್ಲ ಸರ್. ಡೇಟಾಶೀಟಿನ (ಚಿಪ್ ತಯಾರಕರು ಕೊಡೋ ವಿವರಪತ್ರ) ಮೊದಲ ಪುಟದಲ್ಲೇ 4 ಓಮ್‌ಗೆ 68 ವ್ಯಾಟ್ ಅಂತ ಬರೆದಿದ್ದಾರೆ. ನಿಮ್ಮ ಹೀಟ್‌ಸಿಂಕ್ ಚಿಕ್ಕದಿರಬೇಕು. ದೊಡ್ಡದು ಹಾಕಿ, ಬೇಕಿದ್ರೆ ಕಂಪ್ಯೂಟರ್ ಫ್ಯಾನ್ ಒಂದು ಸೇರಿಸಿ.

ಓಮ್‌ಕಾರ

ನಾದಲೋಲ ಅವರೇ, ಅದೇ ಸಾಲನ್ನ ಇನ್ನೊಂಚೂರು ಮುಂದಕ್ಕೆ ಓದಿ. 4 ಓಮ್‌ಗೆ 68 ವ್ಯಾಟ್ ಅನ್ನೋದು ಪ್ಲಸ್-ಮೈನಸ್ 28 ವೋಲ್ಟ್‌ನಲ್ಲಿ. ಅದೇ 28ರಲ್ಲಿ 8 ಓಮ್‌ಗೆ 38 ವ್ಯಾಟ್. ಪ್ಲಸ್-ಮೈನಸ್ 35 ಕೊಟ್ಟಾಗ 50 ವ್ಯಾಟ್ ಅಂತ ಹೇಳಿರೋದು 8 ಓಮ್‌ಗೆ ಮಾತ್ರ. 35ರಲ್ಲಿ 4 ಓಮ್‌ಗೆ ಎಷ್ಟು ಅಂತ ಆ ಪುಟದಲ್ಲಿ ಹೇಳೇ ಇಲ್ಲ. ಯಾಕೆ ಅನ್ನೋದು ಲೆಕ್ಕ ಹಾಕಿದರೆ ತಿಳಿಯುತ್ತೆ.

ಇದರಂಥ ಕ್ಲಾಸ್ ಎಬಿ ಚಿಪ್ ಹೆಚ್ಚೆಂದರೆ ಎಷ್ಟು ವ್ಯಾಟ್ ಬಿಸಿ ಮಾಡುತ್ತೆ ಅಂತ ತಿಳಿಯೋಕೆ ಸುಲಭದ ಸೂತ್ರ ಇದೆ. ಪ್ಲಸ್ ತುದಿಯಿಂದ ಮೈನಸ್ ತುದಿವರೆಗಿನ ಒಟ್ಟು ವೋಲ್ಟೇಜನ್ನ ಅದರಿಂದಲೇ ಗುಣಿಸಿ, 19.7ರಿಂದ ಭಾಗಿಸಿ, ಆಮೇಲೆ ಸ್ಪೀಕರ್ ಓಮ್‌ನಿಂದ ಭಾಗಿಸಿ. (19.7 ಅಂದ್ರೆ ಪೈ ವರ್ಗದ ಎರಡರಷ್ಟು.) ನಿಮ್ಮಲ್ಲಿ ಒಟ್ಟು 66 ವೋಲ್ಟ್ ಅನ್ನಿ. 8 ಓಮ್‌ಗೆ ಸುಮಾರು 28 ವ್ಯಾಟ್ ಬಿಸಿ ಬರುತ್ತೆ. 4 ಓಮ್‌ಗೆ 55 ವ್ಯಾಟ್. ಹಾಡೇ ಇಲ್ಲದಾಗಲೂ ಚಿಪ್ ಸುಮಾರು 50 ಮಿಲಿಆಂಪಿಯರ್ ಎಳೀತಾ ಕೂತಿರುತ್ತೆ, ಅದರದ್ದೊಂದು 3 ವ್ಯಾಟ್ ಸೇರಿಸಿಕೊಳ್ಳಿ. ಅಲ್ಲಿಗೆ 58.

ಇನ್ನು ಹೀಟ್‌ಸಿಂಕ್ ವಿಷಯ. ಟಿಎಫ್ ಚಿಪ್‌ನಲ್ಲಿ ಒಳಗಿನ ಸಿಲಿಕಾನ್‌ನಿಂದ ಬೆನ್ನಿನವರೆಗೆ ಪ್ರತಿ ವ್ಯಾಟ್‌ಗೆ 2 ಡಿಗ್ರಿ ಏರುತ್ತೆ. 58 ವ್ಯಾಟ್ ಅಂದ್ರೆ 116 ಡಿಗ್ರಿ. ಪೆಟ್ಟಿಗೆ ಒಳಗಿನ ಗಾಳಿ 40 ಡಿಗ್ರಿ ಇದ್ದರೆ, ಊರಗಲದ ಹೀಟ್‌ಸಿಂಕ್ ಹಾಕಿ ಅದು ಒಂದು ಡಿಗ್ರಿಯೂ ಬಿಸಿಯಾಗಲಿಲ್ಲ ಅಂದುಕೊಂಡರೂ ಸಿಲಿಕಾನ್ 156 ಡಿಗ್ರಿಯಲ್ಲಿರುತ್ತೆ. ಇರಬೇಕಾದ ಮಿತಿ 150. ಹೀಗಿರುವಾಗ ಫ್ಯಾನ್ ಹಾಕಿ ಆಗೋದೇನು? ಅಡಚಣೆ ಇರೋದು ಚಿಪ್ ಹೊಟ್ಟೆಯೊಳಗೆ.

8 ಓಮ್‌ಗೆ ಇದೇ ಲೆಕ್ಕ ಹಾಕಿ. 31 ವ್ಯಾಟ್‌ಗೆ 62 ಡಿಗ್ರಿ, ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್‌ನದ್ದು ಇನ್ನೊಂದು 6. 150ರಿಂದ 40, 62, 6 ಕಳೆದರೆ 42 ಡಿಗ್ರಿ ಉಳಿಯುತ್ತೆ. 42 ಭಾಗಿಸು 31, ಅಂದ್ರೆ ಚಿಪ್‌ಗೆ ವ್ಯಾಟ್‌ಗೆ 1.3 ಡಿಗ್ರಿಯ ಹೀಟ್‌ಸಿಂಕ್ ಸಾಕು. ನಿಮ್ಮ ಹಾಗೆ ಎರಡು ಚಿಪ್‌ಗೂ ಒಂದೇ ಆದರೆ 0.65ರದ್ದು ಬೇಕು. ಅದಕ್ಕೇ 8 ಓಮ್‌ನಲ್ಲಿ ತಕರಾರಿಲ್ಲ.

‘ಹಾಡು ಕೇಳುವಾಗ ಪೂರ್ತಿ ಪವರ್ ಎಲ್ಲಿ ಹೋಗುತ್ತೆ’ ಅಂತ ಒಬ್ಬರಾದ್ರೂ ಕೇಳ್ತಾರೆ. ಕ್ಲಾಸ್ ಎಬಿ ಅತಿ ಹೆಚ್ಚು ಕಾಯೋದು ಪೂರ್ತಿ ಪವರಿನಲ್ಲಲ್ಲ, ಸುಮಾರು 40 ಶೇಕಡಾ ಪವರಿನಲ್ಲಿ. ಎಂಟನೇ ಒಂದು ಪಾಲು ಪವರಿನಲ್ಲಿ ನುಡಿಸಿದರೂ ಆ ಗರಿಷ್ಠ ಬಿಸಿಯ 80 ಶೇಕಡಾ ಬಂದೇ ಬರುತ್ತೆ. ನಿಮ್ಮ ‘ಅರ್ಧಕ್ಕಿಂತ ಜೋರು’ ಇರೋದು ಸರಿಯಾಗಿ ಆ ಜಾಗದಲ್ಲೇ.

ಆ ‘ಟರ್ರ್’ ಬಗ್ಗೆ: ಈ ಚಿಪ್‌ನೊಳಗೆ ಸ್ಪೈಕ್ ಅನ್ನೋ ರಕ್ಷಣೆ ಇದೆ. ಔಟ್‌ಪುಟ್ ಟ್ರಾನ್ಸಿಸ್ಟರಿನ ಕ್ಷಣಕ್ಷಣದ ಬಿಸಿ ನೋಡಿಕೊಂಡು, ಮಿತಿ ಮೀರಿದ ಕೂಡಲೇ ಕರೆಂಟು ಹಿಡಿದು ಬಿಡುತ್ತೆ. ಬೇಸ್ ಏಟಿಗೆ ಒಂದೊಂದು ಸಲ ಹಿಡಿದು ಬಿಟ್ಟಾಗ ಕೇಳೋದು ಅದೇ ಸದ್ದು. ಕ್ಲಿಪ್ಪಿಂಗ್ (ವೋಲ್ಟೇಜ್ ಸಾಲದೆ ಅಲೆಯ ತುದಿ ಕತ್ತರಿಸಿಹೋಗೋದು) ಬೇರೆ ಥರ ಇರುತ್ತೆ: ಹಾಡೆಲ್ಲಾ ಒರಟಾಗುತ್ತೆ, ಗಂಟಲು ಕಟ್ಟಿದ ಹಾಗೆ. ಇನ್ನೂ ಕಾದು 165 ಡಿಗ್ರಿ ಮುಟ್ಟಿದರೆ ಚಾನೆಲ್ಲೇ ನಿಂತುಹೋಗಿ, 155ಕ್ಕೆ ಇಳಿದ ಮೇಲೆ ವಾಪಸ್ ಬರುತ್ತೆ. ಹಾಗಾಗ್ತಿಲ್ಲ ಅಂದ್ರೆ ನೀವಿನ್ನೂ ಅಂಚಿನಲ್ಲಿದ್ದೀರಿ.

ಒಟ್ಟಿನಲ್ಲಿ ಸ್ಪೀಕರೂ ಕೆಟ್ಟಿಲ್ಲ, ಚಿಪ್ಪೂ ಕೆಟ್ಟಿಲ್ಲ. 24-0-24 ಅನ್ನೋದು 8 ಓಮ್‌ನ ಟ್ರಾನ್ಸ್‌ಫಾರ್ಮರ್.

ಬೆಸುಗೆಕಡ್ಡಿ

ಓಮ್‌ಕಾರ್ ಸರ್ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಲೇಬಲ್ ಮೇಲಿನ 4 ಮತ್ತು 8 ನಾಮಮಾತ್ರಕ್ಕೆ. ಸ್ಪೀಕರಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60268-5 ಪ್ರಕಾರ ಇಂಪೀಡೆನ್ಸ್ (ಎಸಿಗೆ ಸ್ಪೀಕರ್ ಒಡ್ಡೋ ಅಡ್ಡಿ, ಫ್ರೀಕ್ವೆನ್ಸಿ ಬದಲಾದ ಹಾಗೆ ಬದಲಾಗೋದು) ಎಲ್ಲೂ ಬರೆದದ್ದರ 80 ಶೇಕಡಾಕ್ಕಿಂತ ಕೆಳಗಿಳಿಯಬಾರದು. 8 ಅಂತ ಬರೆದರೆ ಕನಿಷ್ಠ 6.4, 4 ಅಂತ ಬರೆದರೆ 3.2. ಇದನ್ನ ಎಲ್ಲ ತಯಾರಕರೂ ಪಾಲಿಸ್ತಾರೆ ಅಂತ ನಂಬಬೇಡಿ, ಅಳೆಯಿರಿ. ಅರ್ಧ ಗಂಟೆ ಕೆಲಸ.

ಮೊದಲು ಆಂಪ್ ತಂತಿ ಬಿಚ್ಚಿ, ಮಲ್ಟಿಮೀಟರನ್ನ ಓಮ್‌ಗೆ ತಿರುಗಿಸಿ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. 8 ಓಮ್‌ನದ್ದು 5.5ರಿಂದ 6.5 ತೋರಿಸಬೇಕು, 4 ಓಮ್‌ನದ್ದು 3ರಿಂದ 3.6. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.2-0.3 ಓಮನ್ನ ಕಳೀಲೇಬೇಕು. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಅದೇ ದೊಡ್ಡ ತಪ್ಪಾಗುತ್ತೆ.

ಇದು ಬರೀ ಡಿಸಿ ರೆಸಿಸ್ಟೆನ್ಸ್. ಇಂಪೀಡೆನ್ಸ್‌ಗೆ ಹೀಗೆ ಮಾಡಿ. 10 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ತಗೊಂಡು ಸರಿಯಾಗಿ ಎಷ್ಟಿದೆ ಅಂತ ಅಳೆದಿಟ್ಟುಕೊಳ್ಳಿ. ಆಂಪ್ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಸ್ಪೀಕರ್, ಅಲ್ಲಿಂದ ಆಂಪ್ ಮೈನಸ್. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್ ಔಟ್‌ಪುಟ್ 1 ವೋಲ್ಟ್ ಆಸುಪಾಸು ಇರುವ ಹಾಗೆ ವಾಲ್ಯೂಮ್ ಇಡಿ. ಮೀಟರನ್ನ ಎಸಿ ವೋಲ್ಟ್‌ಗೆ ತಿರುಗಿಸಿ ಪ್ರತಿ ಫ್ರೀಕ್ವೆನ್ಸಿಗೂ ಎರಡು ಸಲ ಅಳೆಯಿರಿ: ಸ್ಪೀಕರ್ ಮೇಲೆ ಒಂದು, ರೆಸಿಸ್ಟರ್ ಮೇಲೆ ಒಂದು. ಸ್ಪೀಕರ್ ವೋಲ್ಟೇಜನ್ನ ರೆಸಿಸ್ಟರ್ ವೋಲ್ಟೇಜಿನಿಂದ ಭಾಗಿಸಿ 10ರಿಂದ ಗುಣಿಸಿದರೆ ಇಂಪೀಡೆನ್ಸ್ ಸಿಗುತ್ತೆ. ಎರಡರಲ್ಲೂ ಹರಿಯೋದು ಒಂದೇ ಕರೆಂಟು, ಹಾಗಾಗಿ ಫೇಸ್ (ವೋಲ್ಟೇಜ್-ಕರೆಂಟು ಹಿಂದುಮುಂದಾಗೋದು) ತಲೆನೋವಿಲ್ಲ.

20 ಹರ್ಟ್ಜ್‌ನಿಂದ 100ರವರೆಗೆ ಹತ್ತತ್ತರ ಹೆಜ್ಜೆ, ಆಮೇಲೆ 400ರವರೆಗೆ 25ರ ಹೆಜ್ಜೆ ಸಾಕು. ಸಾಧಾರಣ ಮೀಟರುಗಳು 400 ಹರ್ಟ್ಜ್ ದಾಟಿದ ಮೇಲೆ ಸುಳ್ಳು ಹೇಳೋಕೆ ಶುರು ಮಾಡ್ತವೆ. ಮುಚ್ಚಿದ ಪೆಟ್ಟಿಗೆಯಾದರೆ ಒಂದು ಗುಡ್ಡ ಕಾಣುತ್ತೆ. ತೂತಿರುವ ಪೆಟ್ಟಿಗೆಯಾದರೆ ಎರಡು ಗುಡ್ಡ, ನಡುವೆ ಒಂದು ತಗ್ಗು. ಗುಡ್ಡ ದಾಟಿದ ಮೇಲೆ 150-300ರ ನಡುವೆ ಇನ್ನೊಂದು ತಗ್ಗು ಸಿಗುತ್ತೆ. ಈ ಎರಡು ತಗ್ಗುಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎರಡೂ ಜೊತೆ ಸೇರಿಸೋ ವಿಚಾರ: 8 ಮತ್ತು 4 ಪ್ಯಾರಲಲ್ ಆದರೆ 2.67 ಓಮ್. ಈಗಲೇ ಟರ್ರ್ ಅನ್ನುತ್ತಿರೋ ಚಿಪ್‌ಗೆ ಇದು ಬೇಡ. ಸೀರೀಸ್ ಹಾಕಿದರೆ 12 ಓಮ್, ಚಿಪ್ಪೇನೋ ಆರಾಮಾಗಿರುತ್ತೆ. ಆದರೆ ಒಂದು ಸ್ಪೀಕರಿನ ಇಂಪೀಡೆನ್ಸ್ ಗುಡ್ಡ ಇನ್ನೊಂದರ ಪಾಲಿನ ವೋಲ್ಟೇಜನ್ನ ಕಿತ್ತುಕೊಳ್ಳುತ್ತೆ. ಒಂದೇ ಮಾಡೆಲಿನ ಎರಡು ಸ್ಪೀಕರ್ ಸೀರೀಸ್‌ನಲ್ಲಿದ್ದರೆ ಸರಿ, ಎರಡಕ್ಕೂ ಒಂದೇ ಗುಡ್ಡ. ಬೇರೆ ಬೇರೆ ಜಾತಿಯವು ಆದರೆ ಬೇಸ್ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತೆ.

ತಾಮ್ರತಂತಿ

ಅಳೆದೆ ಸರ್. ರೆಸಿಸ್ಟರ್ 9.9 ಓಮ್ ಇತ್ತು, ಅದನ್ನೇ ಹಿಡಿದು ಲೆಕ್ಕ ಹಾಕಿದ್ದೀನಿ.

ದೊಡ್ಡ ಜೊತೆ: ಡಿಸಿ 3.1 ಓಮ್. ಗುಡ್ಡ ಎರಡು, 30ರಲ್ಲಿ ಮತ್ತು 70ರಲ್ಲಿ. ನಡುವೆ 40-50ರಲ್ಲಿ 3.7ಕ್ಕೆ ಇಳಿಯುತ್ತೆ. ಅತಿ ಕಡಿಮೆ 175ರಲ್ಲಿ, 3.4.

ಚಿಕ್ಕ ಜೊತೆ: ಡಿಸಿ 5.6. 90ರಲ್ಲಿ ಒಂದೇ ಗುಡ್ಡ. ಅತಿ ಕಡಿಮೆ 250ರಲ್ಲಿ, 6.1.

ಅಂದ್ರೆ ನನ್ನ 8 ಓಮ್ ಸ್ಪೀಕರ್ ನಿಜಕ್ಕೂ 8 ಓಮ್ ಅಲ್ಲ ಅಂತಾಯ್ತು?

ಬೆಸುಗೆಕಡ್ಡಿ

ಹೌದು, ಅದನ್ನ 6 ಅಂತ ಕರೆಯೋದೇ ನ್ಯಾಯ. 8 ಅಂತ ಬರೆದರೆ ಗಿರಾಕಿ ಹೆದರಲ್ಲ, ಅಷ್ಟೇ ಗುಟ್ಟು. ದೊಡ್ಡ ಜೊತೆ ಲೇಬಲ್‌ಗೆ ನಿಯತ್ತಾಗಿದೆ, 3.4 ಅಂದ್ರೆ 80 ಶೇಕಡಾದೊಳಗೇ ಇದೆ.

70ರ ಗುಡ್ಡದಿಂದ 175ರ ತಗ್ಗಿಗೆ ಇಳಿಯುವ ಜಾರು ಇದೆಯಲ್ಲ, ಡ್ರಮ್ಮಿನ ಏಟು ಬೀಳೋದು ಅಲ್ಲೇ. ಆ ಜಾರಿನಲ್ಲಿ ಸ್ಪೀಕರ್ ಕೆಪಾಸಿಟರ್ ಥರ ವರ್ತಿಸುತ್ತೆ. ಕರೆಂಟು ವೋಲ್ಟೇಜಿಗಿಂತ ಮುಂದೆ ಓಡುತ್ತೆ, ಟ್ರಾನ್ಸಿಸ್ಟರಿನ ಮೇಲೆ ವೋಲ್ಟೇಜ್ ಜಾಸ್ತಿ ಇರುವಾಗಲೇ ಕರೆಂಟೂ ಜಾಸ್ತಿ ಇರುತ್ತೆ. ಫೇಸ್ 45 ಡಿಗ್ರಿ ಸರಿದಿದ್ದರೆ, ಪೂರ್ತಿ ಏರಿಳಿತದಲ್ಲಿ ಕ್ಷಣಿಕ ಬಿಸಿ ಅಷ್ಟೇ ಓಮ್‌ನ ರೆಸಿಸ್ಟರಿಗೆ ಬರೋದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಓಮ್‌ಕಾರ್ ಸರ್ ಹಾಕಿದ ಲೆಕ್ಕ ಬರೀ ರೆಸಿಸ್ಟರಿಗೆ. ನಿಜವಾದ ಸ್ಪೀಕರ್ ಅದಕ್ಕಿಂತ ಕಠಿಣ.

ನಾದಲೋಲ

ಫ್ಯಾನ್ ಮಾತು ವಾಪಸ್ ತಗೊಂಡೆ. ಹಾಗಾದ್ರೆ ಟಿಎಫ್ ಬದಲು ಬೆನ್ನಲ್ಲಿ ಲೋಹ ಇರುವ ಎಲ್‌ಎಂ3886ಟಿ ಹಾಕಿದರೆ? ಅದು ವ್ಯಾಟ್‌ಗೆ ಒಂದೇ ಡಿಗ್ರಿ ಅಲ್ವಾ?

ಓಮ್‌ಕಾರ

ಸರಿಯಾದ ಪ್ರಶ್ನೆ. ಒಂದೇ ಡಿಗ್ರಿ ನಿಜ. ಆದರೆ ಆ ಲೋಹ ಒಳಗಡೆ ಮೈನಸ್ ಸಪ್ಲೈಗೆ ಸೇರಿಕೊಂಡಿದೆ. ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕದಿದ್ದರೆ ಹೀಟ್‌ಸಿಂಕ್ ಪೂರ್ತಿ ಮೈನಸ್ 33 ವೋಲ್ಟ್‌ಗೆ ಬರುತ್ತೆ, ಅದು ಅರ್ತ್ ಆದ ಪೆಟ್ಟಿಗೆಗೆ ಮುಟ್ಟಿದರೆ ಫ್ಯೂಸ್ ಹೋಗುತ್ತೆ. ಮೈಕಾ ಹಾಕಿದರೆ ಉಳಿಸಿದ ಡಿಗ್ರಿಯಲ್ಲಿ ಒಂದಷ್ಟು ಅದಕ್ಕೇ ಖರ್ಚು. ಲಾಭ ಇದೆ, ಆದರೆ ಕರೆಂಟಿನ ಮಿತಿ ಹಾಗೇ ಉಳಿಯುತ್ತೆ. ಈ ಚಿಪ್ ಕನಿಷ್ಠ 7 ಆಂಪಿಯರ್ ಕೊಡುತ್ತೆ ಅಂತಷ್ಟೇ ಡೇಟಾಶೀಟ್ ಖಾತರಿ ಕೊಡೋದು. ಔಟ್‌ಪುಟ್ 28 ವೋಲ್ಟ್ ತುದಿ ಮುಟ್ಟಿದಾಗ 3.4 ಓಮ್‌ಗೆ 8 ಆಂಪಿಯರ್ ದಾಟಿತು.

ಹಾಗಾಗಿ ವೋಲ್ಟೇಜ್ ಇಳಿಸಿ. 18-0-18 ಹಾಕಿದರೆ 18ನ್ನ 1.414ರಿಂದ ಗುಣಿಸಿ, ಡಯೋಡಿನ 1 ವೋಲ್ಟ್ ಕಳೆದು ಪ್ಲಸ್-ಮೈನಸ್ 24.5 ಸಿಗುತ್ತೆ. ಒಟ್ಟು 49. ಅದೇ ಸೂತ್ರಕ್ಕೆ ಹಾಕಿ: 4 ಓಮ್‌ಗೆ 30 ವ್ಯಾಟ್ ಬಿಸಿ. ಅಂದ್ರೆ ಈಗ 8 ಓಮ್‌ಗೆ ಆಗ್ತಿರೋ ಬಿಸಿಯಷ್ಟೇ, ಹೀಟ್‌ಸಿಂಕ್ ಮುಟ್ಟೋ ಅಗತ್ಯವೂ ಇಲ್ಲ.

‘ವೋಲ್ಟೇಜ್ ಇಳಿಸಿದರೆ ಪವರ್ ಹೋಯ್ತಲ್ಲ’ ಅಂತ ಹೊಟ್ಟೆ ಉರಿಯೋದು ಸಹಜ. ಎಷ್ಟು ಹೋಗುತ್ತೆ ಅಂತ ಸದ್ದಿನಲ್ಲೇ ನೋಡೋಣ. ಈಗ ನಿಮ್ಮ ಚಿಕ್ಕ ಜೊತೆಗೆ ಗರಿಷ್ಠ 20 ವೋಲ್ಟ್ ಎಸಿ ಹೋಗುತ್ತೆ. 20 ಅಂದ್ರೆ 2.83ರ ಏಳು ಪಟ್ಟು, ಡೆಸಿಬಲ್‌ನಲ್ಲಿ 17. 86ಕ್ಕೆ 17 ಕೂಡಿಸಿದರೆ 1 ಮೀಟರ್ ದೂರದಲ್ಲಿ 103 ಡೆಸಿಬಲ್. 18-0-18ರಲ್ಲಿ ದೊಡ್ಡ ಜೊತೆಗೆ ಹೋಗೋದು 14 ವೋಲ್ಟ್. 2.83ರ ಐದು ಪಟ್ಟು, 14 ಡೆಸಿಬಲ್. 89ಕ್ಕೆ 14 ಕೂಡಿಸಿ: ಅದೂ 103! ಅಂದ್ರೆ ದೊಡ್ಡ ಜೊತೆ ಇವತ್ತಿನ ಚಿಕ್ಕ ಜೊತೆಯಷ್ಟೇ ಜೋರು. ಚಿಕ್ಕ ಜೊತೆಯನ್ನ ಅದೇ 18-0-18ಕ್ಕೆ ಹಾಕಿದರೆ 100 ಬರುತ್ತೆ. ಕಳ್ಕೊಳ್ಳೋದು ಮೂರೇ ಡೆಸಿಬಲ್, ಕಿವಿಗೆ ‘ಸ್ವಲ್ಪ ಕಡಿಮೆ’ ಅನ್ನಿಸೋ ಅಷ್ಟು. 12ಕ್ಕೆ 14 ಅಡಿ ರೂಮಿಗೆ 100 ಡೆಸಿಬಲ್ ತುದಿ ಧಾರಾಳ, ಪಕ್ಕದ ಮನೆಯವರು ಬಾಗಿಲು ಬಡೀತಾರೆ.

ಅಂದಹಾಗೆ, ಲೇಬಲ್‌ನಲ್ಲಿ 2.83 ವೋಲ್ಟ್ ಅಂತ ಇದೆಯೋ 1 ವ್ಯಾಟ್ ಅಂತ ಇದೆಯೋ ನೋಡಿಕೊಳ್ಳೋದು ಎಲ್ಲರಿಗೂ ಒಳ್ಳೇದು. 8 ಓಮ್‌ಗೆ ಎರಡೂ ಒಂದೇ. 4 ಓಮ್‌ಗೆ 2.83 ವೋಲ್ಟ್ ಅಂದ್ರೆ 2 ವ್ಯಾಟ್, ಹಾಗಾಗಿ 89 ಅಂತ ಬರೆದಿದ್ದರೂ ವ್ಯಾಟ್ ಲೆಕ್ಕದಲ್ಲಿ ಅದು 86ರ ಸ್ಪೀಕರೇ. ನಿಮ್ಮ ಎರಡು ಜೊತೆಯೂ ವ್ಯಾಟ್‌ಗೆ ಸಮ.

ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗ ಬರೆದುಕೊಡಿ: ಪ್ರೈಮರಿ 230, ಸೆಕೆಂಡರಿ 18-0-18, 6 ಆಂಪಿಯರ್, ಅಂದ್ರೆ 216 ವಿಎ (ವೋಲ್ಟ್-ಆಂಪಿಯರ್). ದುಡ್ಡಿದ್ದರೆ 8 ಆಂಪಿಯರ್. ‘18-0-18’ ಅನ್ನೋದು ಲೋಡ್ ಹಾಕಿದಾಗ ಬರಬೇಕು ಅಂತ ಒತ್ತಿ ಹೇಳಿ. ಖಾಲಿ ಇರುವಾಗ 18 ಕೊಟ್ಟರೆ ಜೋರು ಮಾಡಿದಾಗ 16.5ಕ್ಕೆ ಕುಸಿಯುತ್ತೆ. 4 ಓಮ್‌ಗೆ ಕರೆಂಟು ಜಾಸ್ತಿ, ಅದಕ್ಕೆ ಕೆಪಾಸಿಟರೂ ಜಾಸ್ತಿ ಬೇಕು. ಎರಡೂ ಚಾನೆಲ್ ಪೂರ್ತಿ ಏರಿದಾಗ ಒಂದು ಕಡೆಯಿಂದ ಸರಾಸರಿ 3.2 ಆಂಪಿಯರ್ ಹೋಗುತ್ತೆ, 10,000 ಮೈಕ್ರೊಫ್ಯಾರಡ್‌ಗೆ ಅದು 3 ವೋಲ್ಟ್ ರಿಪಲ್ (ಸಪ್ಲೈ ವೋಲ್ಟೇಜಿನ ಏರಿಳಿತ). ಪ್ರತಿ ಕಡೆಗೂ ಇನ್ನೊಂದು 10,000 ಸೇರಿಸಿದರೆ ಅರ್ಧಕ್ಕಿಳಿಯುತ್ತೆ. ಈಗಿರೋ 50 ವೋಲ್ಟ್‌ನವನ್ನೇ ಉಳಿಸಿಕೊಳ್ಳಿ.

24-0-24 ಇಟ್ಟುಕೊಳ್ಳಲೇಬೇಕು ಅಂದ್ರೆ ಇನ್ನೊಂದು ದಾರಿ ಇದೆ: ಚಾನೆಲ್‌ಗೆ ಎರಡು ಚಿಪ್ ಪ್ಯಾರಲಲ್. ಪ್ರತಿ ಔಟ್‌ಪುಟ್‌ಗೂ 0.1 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿ ಸೇರಿಸಬೇಕು, ಗೇನ್ ರೆಸಿಸ್ಟರುಗಳು (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅಂತ ನಿರ್ಧರಿಸೋವು) 0.1 ಶೇಕಡಾದೊಳಗೆ ಹೊಂದಬೇಕು. ಇಲ್ಲದಿದ್ದರೆ ಒಂದು ಚಿಪ್ ಇನ್ನೊಂದಕ್ಕೆ ಕರೆಂಟು ತಳ್ಳುತ್ತಾ ಸುಮ್ಮನೆ ಬಿಸಿಯಾಗುತ್ತೆ. ಪ್ರತಿ ಚಿಪ್‌ಗೂ ಕಾಣೋದು 8 ಓಮ್. ಬ್ರಿಡ್ಜ್ ಮಾಡೋ (ಒಂದೇ ಸ್ಪೀಕರಿನ ಎರಡು ತುದಿಗೆ ಎರಡು ಚಿಪ್ ಹಾಕೋ) ಯೋಚನೆ ಮಾತ್ರ ಬೇಡ. ಅದರಲ್ಲಿ ಪ್ರತಿ ಚಿಪ್‌ಗೂ ಕಾಣೋದು ಸ್ಪೀಕರಿನ ಅರ್ಧ, 4 ಓಮ್ ಹೋಗಿ 2 ಓಮ್ ಆಗುತ್ತೆ.

ಜಾಣಕಿವಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕಡೆ ಸಂಜೆ ಕರೆಂಟು 195 ವೋಲ್ಟ್, ರಾತ್ರಿ ಹನ್ನೊಂದರ ಮೇಲೆ 250. ಈ ಲೆಕ್ಕಗಳೆಲ್ಲಾ ಆಗ ಏನಾಗ್ತವೆ?

ಓಮ್‌ಕಾರ

ಅದೇ ಅನುಪಾತದಲ್ಲಿ ಏರಿಳಿಯುತ್ತವೆ. 195ರಲ್ಲಿ ಚಿಪ್‌ಗೆ ಅಪಾಯ ಇಲ್ಲ, ಬೇಗ ಕ್ಲಿಪ್ ಆಗುತ್ತೆ ಅಷ್ಟೇ. ನೋಡಬೇಕಾದ್ದು 250. 24-0-24 ಖಾಲಿ ಇದ್ದಾಗ 26 ಕೊಡುತ್ತೆ ಅನ್ನಿ, 250ಕ್ಕೆ ಅದು 28.2 ಆಗಿ, ಪ್ಲಸ್-ಮೈನಸ್ 39, ಒಟ್ಟು 78 ಬರುತ್ತೆ. ಸಿಗ್ನಲ್ ಇರುವಾಗ ಎಲ್‌ಎಂ3886ರ ಮಿತಿ 84. ಉಳಿದದ್ದು 6 ವೋಲ್ಟ್. ಯಾರಾದ್ರೂ 28-0-28 ಮೇಲೆ ಇದನ್ನ ಕಟ್ಟಿದ್ದರೆ ರಾತ್ರಿ ಹೊತ್ತು ಮಿತಿ ದಾಟಿರುತ್ತಾರೆ.

ಸರ್ಕ್ಯೂಟ್‌ಶೆಟ್ರು

ವೋಲ್ಟೇಜ್ ಲೆಕ್ಕ ಎಲ್ಲಾ ಆಯ್ತು. ಸ್ಪೀಕರ್ ತಗಲಿಸೋ ಮೊದಲು ಮಾಡಬೇಕಾದ್ದನ್ನ ಯಾರೂ ಹೇಳಲಿಲ್ಲ ಮಾರಾಯ್ರೆ.

ಹೊಸ ಟ್ರಾನ್ಸ್‌ಫಾರ್ಮರ್ ಹಾಕಿ ಮೊದಲ ಸಲ ಆನ್ ಮಾಡುವಾಗ ಫೇಸ್ ತಂತಿಗೆ 60 ವ್ಯಾಟ್‌ನ ಹಳೇ ತಂತಿ ಬಲ್ಬ್ ಸೀರೀಸ್ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರೋದಿಲ್ಲ. ಒಂದು ಕ್ಷಣ ಬೆಳಗಿ ಮಂಕಾದರೆ ಸರಿ, ಅದು ಕೆಪಾಸಿಟರ್ ತುಂಬಿಕೊಳ್ಳೋದು. ಬೆಳಗುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ, ಬ್ರಿಡ್ಜ್ ಅಥವಾ ಕೆಪಾಸಿಟರ್ ಉಲ್ಟಾ ಆಗಿರಬಹುದು.

ಮಂಕಾದ ಮೇಲೆ, ಸ್ಪೀಕರ್ ಹಾಕದೆ, ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್‌ನೊಳಗೆ ಇದ್ದರೆ ನಿಶ್ಚಿಂತೆ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಹತ್ತಿರಕ್ಕೂ ಹೋಗಬೇಡಿ. ಚಿಪ್ ಶಾರ್ಟ್ ಆದ ದಿನ ಏನಾಗುತ್ತೆ ಅಂದ್ರೆ, 24 ವೋಲ್ಟ್ ನೇರವಾಗಿ 3.1 ಓಮ್‌ನ ಕಾಯಿಲ್ ಮೇಲೆ, 185 ವ್ಯಾಟ್, ಅದೂ ಕೋನ್ ಅಲುಗಾಡದೆ, ಗಾಳಿಯಾಡದೆ. ಕೆಲವೇ ಸೆಕೆಂಡಿನಲ್ಲಿ ವಾರ್ನಿಷ್ ಸುಟ್ಟ ವಾಸನೆ.

ಅದಕ್ಕೆ ಯುಪಿಸಿ1237 ಚಿಪ್‌ನ ಪ್ರೊಟೆಕ್ಷನ್ ಬೋರ್ಡ್ ಹಾಕಿ. ಆನ್ ಮಾಡಿದಾಗಿನ ‘ಧಡ್’ ಸದ್ದೂ ಹೋಗುತ್ತೆ. ಆದರೆ ಬೋರ್ಡಿನ ರಿಲೇ ಮೇಲೆ ಬರೆದಿರೋದು ಓದಿ: ಸಾಮಾನ್ಯವಾಗಿ 10 ಆಂಪಿಯರ್, 30 ವೋಲ್ಟ್ ಡಿಸಿ. 33 ವೋಲ್ಟ್ ಡಿಸಿಯನ್ನ ಅದು ಕಡಿಯುವಾಗ ಕಾಂಟ್ಯಾಕ್ಟ್ ನಡುವೆ ಕಿಡಿ ಹೊತ್ತಿ ಉರೀತಾ ಇರಬಹುದು. ರಿಲೇ ಬಿಟ್ಟುಕೊಂಡಿದೆ ಅಂತ ನೀವು ನೆಮ್ಮದಿಯಾಗಿರ್ತೀರಿ, ಸ್ಪೀಕರ್ ಸುಡುತ್ತಿರುತ್ತೆ. ವೈರಿಂಗ್ ಹೀಗೆ ಮಾಡಿ: ರಿಲೇಯ ನಡುವಿನ ಕಾಂಟ್ಯಾಕ್ಟ್ ಸ್ಪೀಕರ್‌ಗೆ, ಆಂಪ್ ತಂತಿ ನಾರ್ಮಲಿ ಓಪನ್‌ಗೆ (ರಿಲೇ ಬಿಟ್ಟಾಗ ತೆರೆದಿರೋದು), ನಾರ್ಮಲಿ ಕ್ಲೋಸ್ಡ್ (ಬಿಟ್ಟಾಗ ಮುಚ್ಚಿರೋ) ಕಾಂಟ್ಯಾಕ್ಟ್ ಗ್ರೌಂಡ್‌ಗೆ. ಆಗ ಕಿಡಿ ಹೊತ್ತಿದರೂ ಅದು ಗ್ರೌಂಡ್‌ಗೆ ಹರಿದು ಫ್ಯೂಸ್ ಹಾರುತ್ತೆ. 18-0-18 ಆದರೆ 24.5 ವೋಲ್ಟ್, ರಿಲೇ ಮಿತಿಯೊಳಗೇ ಬಂತು. ಇಳಿಸಿದ್ದಕ್ಕೆ ಇದೊಂದು ಪುಕ್ಕಟೆ ಲಾಭ.

ತಂತಿ: ಮನೆ ವೈರಿಂಗ್‌ನ 2.5 ಸ್ಕ್ವೇರ್ ಎಂಎಂ ತಾಮ್ರ, ಎಳೆ ಎಳೆಯಾಗಿ ಬಾಗೋದು ಸಾಕು. ಮೀಟರಿಗೆ 7.4 ಮಿಲಿಓಮ್. 5 ಮೀಟರ್ ದೂರ ಅಂದ್ರೆ ಹೋಗಿ-ಬಂದು 10 ಮೀಟರ್, 0.074 ಓಮ್. 4 ಓಮ್‌ಗೆ ಅದು 2 ಶೇಕಡಾಕ್ಕೂ ಕಡಿಮೆ. 1 ಸ್ಕ್ವೇರ್ ಎಂಎಂ ಹಾಕಿದರೆ 0.18 ಓಮ್, 4.5 ಶೇಕಡಾ, ಗಡಿಯಲ್ಲಿರುತ್ತೆ. ಸಾವಿರಾರು ರೂಪಾಯಿಯ ಕೇಬಲ್ ಬಗ್ಗೆ ಇಲ್ಲಿ ಜಗಳ ಶುರು ಮಾಡಬೇಡಿ ದಯವಿಟ್ಟು.

ಜಾಣಕಿವಿ

ಶೆಟ್ರೇ, ಹಾಗೇ ಇನ್ನೊಂದು. ನನ್ನ ಹತ್ರ ಟಿಪಿಎ3116 ಆಂಪ್ ಬೋರ್ಡ್ ಇದೆ, 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್. ಅದಕ್ಕೂ 4 ಓಮ್ ಭಾರ ಆಗುತ್ತಾ?

ಸರ್ಕ್ಯೂಟ್‌ಶೆಟ್ರು

ಇಲ್ಲ, ಅದರ ಕಥೆ ಪೂರ್ತಿ ಉಲ್ಟಾ. ಅದು ಕ್ಲಾಸ್ ಡಿ, ಬಿಸಿ ಕಡಿಮೆ, ವೋಲ್ಟೇಜೇ ಕೊರತೆ. 21 ವೋಲ್ಟ್‌ಗೆ 4 ಓಮ್‌ನಲ್ಲಿ 50 ವ್ಯಾಟ್, 24 ವೋಲ್ಟ್ ಕೊಟ್ಟರೂ 8 ಓಮ್‌ನಲ್ಲಿ 30 ವ್ಯಾಟ್ ಅಂತ ಡೇಟಾಶೀಟ್. ಅದಕ್ಕೆ 4 ಓಮ್ ಸ್ಪೀಕರೇ ಸರಿಜೋಡಿ. ಸ್ಟೀರಿಯೊ ಆಗಿ ಹಾಕಿದಾಗ 3.2 ಓಮ್‌ಗಿಂತ ಕೆಳಗೆ ಹೋಗಬೇಡಿ.

ಒಂದು ಎಚ್ಚರಿಕೆ. ಅದರ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ, ಅದೂ ಒಂದು ಜೀವಂತ ಔಟ್‌ಪುಟ್. ಎಡ-ಬಲದ ಮೈನಸ್ ಎರಡನ್ನೂ ಒಂದೇ ತಂತಿಗೆ ಸೇರಿಸಬೇಡಿ, ಗ್ರೌಂಡ್‌ಗೂ ಮುಟ್ಟಿಸಬೇಡಿ. ಮೇಲೆ ಹೇಳಿದ ರಿಲೇ ವೈರಿಂಗನ್ನೂ ಅದಕ್ಕೆ ಹಾಕಬೇಡಿ, ಅದು ಎಲ್‌ಎಂ3886 ಥರದ ಪ್ಲಸ್-ಮೈನಸ್ ಆಂಪ್‌ಗೆ ಮಾತ್ರ.

ತಾಮ್ರತಂತಿ

18-0-18, 8 ಆಂಪಿಯರ್ ಸುತ್ತೋಕೆ ಕೊಟ್ಟೆ. ಕೊನೆಯದೊಂದು. ಎರಡೂ ಜೊತೆಗೆ ಎ/ಬಿ ಸ್ವಿಚ್ ಹಾಕಿ ಒಂದು ಸಲಕ್ಕೆ ಒಂದೇ ಜೊತೆ ನುಡಿಸ್ತೀನಿ. ಆಂಪ್ 50 ವ್ಯಾಟ್, ದೊಡ್ಡ ಸ್ಪೀಕರ್ ಮೇಲೆ 120 ವ್ಯಾಟ್ ಅಂತ ಇದೆ. ‘ಆಂಪ್ ಸಣ್ಣದಾದರೆ ಟ್ವೀಟರ್ (ಟ್ರೆಬಲ್ ನುಡಿಸೋ ಚಿಕ್ಕ ಸ್ಪೀಕರ್) ಸುಡುತ್ತೆ’ ಅಂತಾರಲ್ಲ, ಅದು?

ಬೆಸುಗೆಕಡ್ಡಿ

ಸಣ್ಣ ಆಂಪ್ ಸುಡಲ್ಲ, ಸಣ್ಣ ಆಂಪನ್ನ ಮಿತಿ ಮೀರಿ ತಿರುಗಿಸೋ ಕೈ ಸುಡುತ್ತೆ. ಹಾಡಿನಲ್ಲಿ ಬೇಸ್ ದೊಡ್ಡದು, ಟ್ರೆಬಲ್ ಚಿಕ್ಕದು. ಕ್ಲಿಪ್ ಆದ ಮೇಲೂ ವಾಲ್ಯೂಮ್ ಏರಿಸುತ್ತಾ ಹೋದರೆ ಬೇಸ್ ಅಲ್ಲೇ ನಿಲ್ಲುತ್ತೆ, ಟ್ರೆಬಲ್ ಮಾತ್ರ ಏರುತ್ತಾ ಹೋಗುತ್ತೆ. 120 ವ್ಯಾಟ್ ಅಂತ ಬರೆದ ಪೆಟ್ಟಿಗೆಯ ಟ್ವೀಟರ್ ಕೂಡ ನಿರಂತರವಾಗಿ ತಡೆಯೋದು ಹೆಚ್ಚೆಂದರೆ 5-10 ವ್ಯಾಟ್. ಹಾಡು ಒರಟಾದ ಕೂಡಲೇ ಇಳಿಸಿದರೆ ಏನೂ ಆಗಲ್ಲ.

ಎ/ಬಿ ಸ್ವಿಚ್‌ಗೆ ಒಂದು ಮಾತು. ಬದಲಾಯಿಸುವಾಗ ಒಂದು ಜೊತೆ ಬಿಟ್ಟ ಮೇಲೆ ಇನ್ನೊಂದು ಹಿಡಿಯೋ ಸ್ವಿಚ್ಚೇ ಬೇಕು. ಮೊದಲು ಹಿಡಿದು ಆಮೇಲೆ ಬಿಡೋ ಜಾತಿಯದಾದರೆ ಆ ಒಂದು ಕ್ಷಣ 3.4 ಮತ್ತು 6.1 ಪ್ಯಾರಲಲ್ ಆಗಿ 2.2 ಓಮ್ ಬರುತ್ತೆ. ಖಾತ್ರಿ ಮಾಡಿಕೊಳ್ಳೋಕೆ ಆಂಪ್‌ಗೆ ತಗಲಿಸೋ ಮುಂಚೆ ಸ್ವಿಚ್‌ನ ಎ ಮತ್ತು ಬಿ ಕಾಲುಗಳಿಗೆ ಮೀಟರನ್ನ ಬೀಪ್‌ನಲ್ಲಿಟ್ಟು ನಿಧಾನವಾಗಿ ತಿರುಗಿಸಿ. ನಡುವೆ ಬೀಪ್ ಬಂದರೆ ಬೇರೆ ಸ್ವಿಚ್ ತನ್ನಿ.